ಹೆಬ್ಬಾಳದ ಆಳಸಮುದ್ರ

ಫಾರ್ಮಲಿನ್ ಮತ್ತೆ ಮೂಗಿಗೆ ಅಡರಿತು, ಅದರ ಮೇಲೆ ಉದ್ದಿನವಡೆಯ ಎಣ್ಣೆ ವಾಸನೆ, ತಪಾಸಣೆಗೆಂದು ಬಂದವರು ಕಾಲೇಜಿನ ಮ್ಯೂಸಿಯಮ್ಮಿನೊಳಗೇ ಮೆಲ್ಲುತ್ತಿದ್ದಾರೆ, ಸತ್ತ ಹಾವಿನ ಬಾಟಲಿ ಪಕ್ಕ ಚಟ್ನಿ, ಥೂ, ಪ್ರಾಣಿಶಾಸ್ತ್ರ ನೋಡುವ ಮುಖಗಳೇ ಇವು — ನಮ್ಮ ವಿಭಾಗದ ಮುಖ್ಯಸ್ಥರು ನಾಗಲಿಂಗಪ್ಪ, ಹಲ್ಲು ಕಿರಿದು, ಸಂಯುಕ್ತಾ ಮೇಡಂ ಎಲ್ಲಾ ಹೇಳ್ತಾರ್ರೀ ಅಂತ ನನ್ನನ್ನು ಮುಂದೆ ತಳ್ಳಿದರು, ಹೇಳಲೇಬೇಕು, ಆರು ವರ್ಷದ ಅತಿಥಿ ಉಪನ್ಯಾಸಕಿ, ಕಾಯಂ ಆದೇಶ ಅವರ ಡ್ರಾಯರಿನಲ್ಲಿದೆ, ಇದೊಂದ್ ಮುಗೀಲ್ರಿ ಮೇಡಂ, ಸಹಿ ಹಾಕಿಬಿಡ್ತೀನಿ. ತಪಾಸಣೆಯ ಪಟ್ಟಿಯಲ್ಲಿ ಆಳಸಮುದ್ರದ ಮೀನು ಒಂದು ಬೇಕಿತ್ತು, ಇರಲಿಲ್ಲ, ಕೋಗಿಲು ಊರಿನಿಂದ ಬರುವ ಅಟೆಂಡರ್ ಪಂಚಪ್ಪ ನಿನ್ನೆ ಕ್ಯಾಟ್‌ಫಿಶ್ ತಂದ, ಎಬ್ಬಾಳದ ಕೆರೇಲಿ ಸಿಕ್ತು ಮೇಡಂ, ಮೀಸೆ ಕತ್ತರ್ಸಿ ಇಂಗೆ ಮಸಿ ಬಳಿದಿವ್ನಿ, ಯಾರ್ಗೊತ್ತಾಯ್ತದೆ. ಯಾರಿಗೂ ಗೊತ್ತಾಗಲಿಲ್ಲ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ, ಇದೇ ಬೀದಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಮಾರುವ ಮೀನನ್ನು ಕಣ್ಣರಳಿಸಿ ನೋಡುತ್ತಿದ್ದಾರೆ.

ನಾನು ಶುರುಮಾಡಿದೆ, ಎರಡು ಸಾವಿರ ಮೀಟರ್ ಕೆಳಗೆ ಬಿಸಿಲಿಲ್ಲ ಸರ್, ಮೇಲಿನ ನೀರಿನ ಭಾರ ಭಯಂಕರ, ಒಳಗೆ ಗಾಳಿ ತುಂಬಿಕೊಂಡದ್ದು ಅಪ್ಪಚ್ಚಿಯಾಗುತ್ತದೆ, ಅದಕ್ಕೇ ಎಷ್ಟೋ ಮೀನುಗಳಿಗೆ ಗಾಳಿಚೀಲವೇ ಇಲ್ಲ, ಮೂಳೆ ಮೆತ್ತಗೆ, ಮಾಂಸ ನೀರುನೀರು, ತಿನ್ನಲು ಸಿಗುವುದು ಅಪರೂಪ, ಅದಕ್ಕೇ ಬಾಯಿ ಅಷ್ಟಗಲ, ಸಿಕ್ಕಿದ್ದನ್ನು ಬಿಡುವುದಿಲ್ಲ — ನಾಗಲಿಂಗಪ್ಪನವರು ಮೂರನೇ ವಡೆಗೆ ಕೈಹಾಕಿದರು, ಈ ಮನುಷ್ಯನಿಗೆ ನಮಸ್ಕಾರ ಹೇಳಿ ಹೇಳಿ ನನ್ನ ಕುತ್ತಿಗೆ ಸವೆದಿದೆ, ಥೂ. ಎಷ್ಟು ಚೆನ್ನಾಗಿ ಹೇಳುತ್ತಿದ್ದೇನೆ, ಒಂದೂ ಸುಳ್ಳಲ್ಲ, ಬಾಟಲಿಯಲ್ಲಿರುವ ಮೀನೊಂದನ್ನು ಬಿಟ್ಟು.

ತಪಾಸಣೆಗೆ ಬಂದವರಲ್ಲೊಬ್ಬರು ಮಾತ್ರ ವಡೆ ಮುಟ್ಟಿರಲಿಲ್ಲ, ಗಂಗಾದೇವಿ ಅಂತ, ವಯಸ್ಸಾದ ಹೆಂಗಸು, ನೋಟ್‌ಬುಕ್ ಹಿಡಿದು ಬಾಟಲಿಗೆ ಮುಖ ತಂದರು, ಕನ್ನಡಕ ಏರಿಸಿದರು, ತುಟಿ ಹತ್ರ ಇದೇನಮ್ಮ, ಬಿಳೀದು. ಕತ್ತರಿಸಿದ ಮೀಸೆಯ ಬುಡ, ಅಲ್ಲಿ ಮಸಿ ಹಿಡಿದಿಲ್ಲ. ಈಗ ಹೇಳಿಬಿಡು, ಕ್ಯಾಟ್‌ಫಿಶ್ ಅಂತ ಹೇಳು, ಒಂದೇ ಮಾತು, ಈ ಗುಂಪಿನಲ್ಲಿ ಕೇಳುವ ಕಿವಿ ಇದೊಂದೇ — ನಾಗಲಿಂಗಪ್ಪನವರ ವಡೆ ಬಾಯಿಯ ಹತ್ತಿರ ನಿಂತಿದೆ — ಅದು ಬೆಳಕಿನ ಅಂಗ ಮೇಡಂ, ಕತ್ತಲಲ್ಲಿ ಹೊಳೆಯುತ್ತೆ, ಬೇಟೆಯನ್ನು ಹತ್ತಿರ ಕರೆಯುತ್ತೆ. ಎಷ್ಟು ಸಲೀಸಾಗಿ ಬಂತು, ನಾಲಗೆ ತಡವರಿಸಲೂ ಇಲ್ಲ. ಅವರು ಅಕ್ಷರ ಅಕ್ಷರವಾಗಿ ಬರೆದುಕೊಂಡರು, ನಂಗೆ ಗೊತ್ತೇ ಇರ್ಲಿಲ್ಲಮ್ಮ, ಮಕ್ಕಳು ಪುಣ್ಯ ಮಾಡಿದ್ದಾರೆ ಅಂದರು, ನನ್ನ ಕೈ ಹಿಡಿದುಕೊಂಡರು, ಬೆಚ್ಚಗಿತ್ತು ಆ ಕೈ, ನಾಗಲಿಂಗಪ್ಪನವರು ಡ್ರಾಯರಿನ ಬೀಗದಕೈ ಹುಡುಕುತ್ತಿದ್ದಾರೆ, ಎಲ್ಲರೂ ಹೊರಟರು, ನಾನೂ ಹೊರಡಬೇಕು, ಸಹಿ ಇದೆ, ಹೊರಡಬೇಕು, ಬಾಟಲಿಯೊಳಗೆ ತುಟಿಯ ಪಕ್ಕ ಆ ಬಿಳೀ ಬುಡ, ಕತ್ತರಿ ಹಾಕಿದ ಬುಡ, ಬಿಳೀದು