ಹೂಗಾಲಣ್ಣನ ಒಂದು ಲೀಟರ್

ಹೂಗಾಲಣ್ಣನವರ ಬೂಟುಗಳು ಒಂದೇ ಪೆಟ್ಟಿಗೆಯಿಂದ ಬಂದ ಜೊತೆಯಾದರೂ ಒಂದೇ ಎತ್ತರದವಾಗಿರಲಿಲ್ಲ. ಎಡಗಾಲಿನದಕ್ಕೆ ಎಲ್ಲರ ಬೂಟಿನ ಹಾಗೆ ದಪ್ಪ ಅಟ್ಟೆ. ಬಲಗಾಲಿನದರ ಅಟ್ಟೆಯನ್ನು ಮಾತ್ರ ಬೂಟು ರಿಪೇರಿಯವನ ಕೈಲಿ ರಟ್ಟಿನಷ್ಟು ತೆಳ್ಳಗೆ ಹೆರೆಸಿಕೊಂಡಿದ್ದರು. "ಅಟ್ಟೆ ದಪ್ಪ ಇದ್ರೆ ಪೆಡಲು ಹೇಳೋದು ಕಾಲಿಗೆ ಕೇಳ್ಸಲ್ಲ ಸ್ವಾಮಿ" ಎಂಬುದು ಅವರ ವಿವರಣೆ. ಹೀಗಾಗಿ ಅವರ ನಡಿಗೆಗೆ ಬಲಕ್ಕೊಂದು ಮಂದವಾದ ವಾಲಿಕೆ ಸೇರಿಕೊಂಡಿತ್ತು. ದೂರದಿಂದ ನೋಡಿದರೆ, ಮನುಷ್ಯ ಯಾವುದೋ ಮಧುರವಾದ ಯೋಚನೆಗೆ ಕಿವಿಗೊಟ್ಟು ಒಂದು ಮಗ್ಗುಲಿಗೆ ಬಾಗಿ ಬರುತ್ತಿದ್ದಾರೆ ಎನಿಸುತ್ತಿತ್ತು. ಅವರು ಎಂದೂ ಓಡಿದವರಲ್ಲ, ಎಂದೂ ಗಕ್ಕನೆ ನಿಂತವರೂ ಅಲ್ಲ. ರಸ್ತೆ ದಾಟುವಾಗ ಕೂಡ ಇಪ್ಪತ್ತು ಹೆಜ್ಜೆ ಮೊದಲೇ ವೇಗ ತಗ್ಗಿಸಿ, ವಾಹನಗಳು ಸರಿದುಹೋಗುವ ಹೊತ್ತಿಗೆ ಸರಿಯಾಗಿ ಅಂಚಿಗೆ ಬಂದು, ನಿಲ್ಲದೆಯೇ ದಾಟಿಬಿಡುತ್ತಿದ್ದರು. ನಿಂತು ಮತ್ತೆ ಹೊರಡುವುದು ಅವರ ಶಾಸ್ತ್ರದಲ್ಲಿ ಮಹಾಪಾಪ.

ನಮ್ಮದು ಪಿಕಪ್ ಗಾಡಿಗಳನ್ನು ಮಾರುವ ಶೋರೂಮು. ನಾನು ಅಲ್ಲಿನ ಗುಮಾಸ್ತ. ನನ್ನ ಮೇಜಿನ ಮೇಲ್ಗಡೆ ಗೋಡೆಯಗಲದ ಫಲಕವೊಂದರಲ್ಲಿ ‘ಲೀಟರಿಗೆ ಹದಿನೆಂಟು ಕಿಲೋಮೀಟರ್’ ಎಂದು ನನ್ನ ತಲೆಗಿಂತ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಬರೆದದ್ದನ್ನೆಲ್ಲ ನಂಬುವ ಕಾಲ ಯಾವಾಗಲೋ ಹೋಯಿತಷ್ಟೆ. ಆದ್ದರಿಂದ ಅದನ್ನು ಗಿರಾಕಿಯ ಕಣ್ಣೆದುರಿಗೇ ಓಡಿಸಿ ತೋರಿಸುವುದಕ್ಕೆ ಹೂಗಾಲಣ್ಣನವರಿದ್ದರು. ಟ್ಯಾಂಕಿನ ಪೈಪು ಬಿಚ್ಚಿ, ಒಂದು ಲೀಟರ್ ಡೀಸೆಲ್ ತುಂಬಿದ ಬಾಟಲಿಯನ್ನು ಡ್ಯಾಶ್‌ಬೋರ್ಡಿನ ಬದಿಗೆ ತೂಗುಹಾಕಿ, ಅದರಿಂದಲೇ ಇಂಜಿನ್ನಿಗೆ ಪೈಪು ಕೊಟ್ಟು, ಬಾಟಲಿ ಬರಿದಾಗಿ ಗಾಡಿ ನಿಲ್ಲುವವರೆಗೆ ಓಡಿಸುವುದು. ಎಷ್ಟು ದೂರ ಹೋಯಿತೋ ಅಷ್ಟು ಅದರ ಮೈಲೇಜು. ಬಾಗಿಲ ಬದಿಗೆ ಗಿರಾಕಿ, ನಡುವೆ ಕಾಗದ ಹಿಡಿದ ಸಾಕ್ಷಿಯಾಗಿ ನಾನು, ಸ್ಟಿಯರಿಂಗ್ ಹಿಡಿದು ಅವರು. ಶೋರೂಮಿನ ಆರಂಭದ ದಿನ ಯಜಮಾನರು ಹೊಲಿಸಿಕೊಟ್ಟ ಬೂದುಬಣ್ಣದ ಕೋಟು, ಮೊಣಕೈ ಸವೆದು ತೇಪೆ ಬಿದ್ದಿದ್ದರೂ, ಎಂಥ ಸೆಕೆಯಲ್ಲೂ ಅವರ ಮೈಮೇಲೆ ಇರಲೇಬೇಕು.

ಆಹಾ, ಆ ಸವಾರಿಗಳು! ಪಟ್ಟಣ ಮೈಮುರಿದು ಏಳುವ ಮೊದಲೇ ಹೊರಟು, ಕೆರೆಯ ಪಕ್ಕದ ಹೊರರಸ್ತೆಗೆ ಬಿದ್ದೆವೆಂದರೆ, ಗಾಡಿ ಓಡುತ್ತಿದೆಯೋ ರಸ್ತೆಯೇ ತನ್ನಷ್ಟಕ್ಕೆ ಹಿಂದಕ್ಕೆ ಸರಿಯುತ್ತಿದೆಯೋ ತಿಳಿಯದು. ಗೇರು ಬದಲಾದದ್ದು ಗೊತ್ತಾಗದು. ಬ್ರೇಕೆಂಬುದೊಂದು ಇದೆಯೆನ್ನುವುದೇ ಮರೆತುಹೋಗುವುದು. ನೀರಿನ ಮೇಲೆ ಇನ್ನೂ ಏಳದ ಮಂಜು, ಒಂದೇ ಶ್ರುತಿಯಲ್ಲಿ ಗುನುಗುವ ಇಂಜಿನ್ನು, ಬಾಟಲಿಯಲ್ಲಿ ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಇಳಿಯುವ ಹೊಂಬಣ್ಣ, ಮತ್ತು ಐದು ನಿಮಿಷಕ್ಕೊಮ್ಮೆ ತಮಗೆ ತಾವೇ ಹೇಳಿಕೊಳ್ಳುವ ಅವರ ಜಪ: "ಹಗುರ... ಹಗುರ..." ಎಷ್ಟೋ ಗಿರಾಕಿಗಳು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಾರೆ. ಆ ನಿದ್ದೆಯಲ್ಲಿ ಅವರಿಗೆ ತಮ್ಮ ಮುಂದಿನ ದಿನಗಳೆಲ್ಲ ಹೀಗೇ ಏರಿಲ್ಲದೆ, ತಿರುವಿಲ್ಲದೆ ಕಂಡಿರಬೇಕು, ಪಾಪ. ಕೊನೆಗೆ ಬಾಟಲಿ ಬರಿದಾಗಿ, ಇಂಜಿನ್ನು ಒಮ್ಮೆ ಬಿಕ್ಕಿ ಸುಮ್ಮನಾದ ಮೇಲೂ ಗಾಡಿ ಸಣ್ಣದೊಂದು ಇಳಿಜಾರಿನಲ್ಲಿ ಹಾಗೇ ತೇಲಿಕೊಂಡು ಹದಿನೆಂಟನೆಯ ಕಿಲೋಮೀಟರಿನ ಹಳದಿ ಗುರುತಿಗೆ ಬಂದು ನಿಲ್ಲುತ್ತಿತ್ತು. ಎಚ್ಚೆತ್ತ ಗಿರಾಕಿ ಚಪ್ಪಾಳೆ ತಟ್ಟುತ್ತಿದ್ದ; ನಾನು ‘ಹದಿನೆಂಟು’ ಎಂದು ಬರೆದು ಸಹಿ ಹಾಕಿಸುತ್ತಿದ್ದೆ. ಆ ಇಳಿಜಾರನ್ನು ಬರೆಯಲು ಕಾಗದದಲ್ಲಿ ಜಾಗವಿರಲಿಲ್ಲ.

ಇದನ್ನು ಕೇಳಿ ಹೂಗಾಲಣ್ಣ ಮೋಸಗಾರರೆಂದು ತೀರ್ಮಾನಿಸಬೇಡಿ. ಅವರಷ್ಟು ನಿಷ್ಕಪಟಿಯನ್ನು ನಾನು ಕಂಡಿಲ್ಲ. ಪೇಚು ಇದ್ದದ್ದೇ ಅಲ್ಲಿ. ಹದಿನೆಂಟು ಕಿಲೋಮೀಟರು ಗಾಡಿಯೊಳಗೇ ಇದೆ, ಹಾಲಿನಲ್ಲಿ ಬೆಣ್ಣೆ ಇದ್ದಂತೆ, ತೆಗೆಯಲು ಬರಬೇಕಷ್ಟೇ ಎಂದು ಅವರು ಮನಸಾರೆ ನಂಬಿದ್ದರು. "ಹನ್ನೊಂದೇ ಕೊಡ್ತಿದೆ ಕಣ್ರೀ" ಎಂದು ಮುಖ ಗಂಟಿಕ್ಕಿಕೊಂಡು ಬಂದ ಗಿರಾಕಿಗಳನ್ನು ಯಜಮಾನರು ಅವರ ಬಳಿಗೇ ಸಾಗಹಾಕುತ್ತಿದ್ದರು. ಹೂಗಾಲಣ್ಣ ಬಂದವರ ಮುಖ ನೋಡದೆ ಕಾಲು ನೋಡಿ, ರೋಗಿಯ ಎದುರು ವೈದ್ಯರು ನಿಟ್ಟುಸಿರು ಬಿಡುವ ಹಾಗೆ ಬಿಟ್ಟು, "ಗಾಡೀದೇನೂ ತಪ್ಪಿಲ್ಲ ಸ್ವಾಮಿ. ಕಾಲು ಭಾರ" ಎನ್ನುತ್ತಿದ್ದರು. ಜಗಳಕ್ಕೆಂದು ಬಂದವರು ತಮ್ಮ ಕಾಲನ್ನೇ ನೋಡಿಕೊಳ್ಳುತ್ತ ಹಿಂದಿರುಗುವುದು ನಮಗೆಲ್ಲ ದಿನದ ತಮಾಷೆಯಾಗಿತ್ತು.

ಅವರಿಗೆ ಒಬ್ಬಳೇ ತಂಗಿ. ಗಂಡ ಹೆಂಡಿರಿಬ್ಬರೂ ಸೇರಿ ಲಾಂಡ್ರಿ ನಡೆಸುತ್ತಿದ್ದರು: ಒಗೆಯುವುದು, ಇಸ್ತ್ರಿ ಗಂಡನದು, ಬಟ್ಟೆ ತರುವುದು, ಮುಟ್ಟಿಸುವುದು, ಗಾಡಿ ಓಡಿಸುವುದು ಆಕೆಯದು. ಅಣ್ಣನ ಮಾತು ಕೇಳಿ ನಮ್ಮಲ್ಲೇ ಪಿಕಪ್ ಕೊಂಡರು. ಹದಿನೆಂಟನ್ನೇ ನೆಚ್ಚಿಕೊಂಡು, ಊರಾಚೆಯ ದೊಡ್ಡ ಆಸ್ಪತ್ರೆಗೆ ದಿನಕ್ಕೆ ನಾಲ್ಕು ಸುತ್ತು ಹೊದಿಕೆ ಮುಟ್ಟಿಸುತ್ತೇವೆಂದು ಒಂದು ವರ್ಷದ ಕರಾರಿಗೆ ಸಹಿಯನ್ನೂ ಹಾಕಿದರು. ಎರಡು ತಿಂಗಳು ಕಳೆಯುವುದರೊಳಗೆ ಆಕೆ ಶೋರೂಮಿನ ಬಾಗಿಲಲ್ಲಿ ನಿಂತಿದ್ದರು.

"ಅಣ್ಣ, ಹನ್ನೊಂದು ದಾಟ್ತಿಲ್ಲ. ದುಡಿದಿದ್ದೆಲ್ಲಾ ಡೀಸೆಲ್‌ಗೇ ಹೋಗ್ತಿದೆ. ಹೀಗೇ ಆದ್ರೆ ವರ್ಷ ತುಂಬೋದ್ರೊಳಗೆ ಲಾಂಡ್ರಿ ಬಾಗಿಲು ಹಾಕ್ಬೇಕಾಗತ್ತೆ."

ಹೂಗಾಲಣ್ಣ ತಂಗಿಯ ಕಾಲು ನೋಡಿದರು. "ಚಿಕ್ಕಂದಿನಿಂದಾನೂ ನಿಂಗೆ ಎಲ್ಲಾದ್ರಲ್ಲೂ ಆತುರ. ಗಾಡೀದೇನೂ ತಪ್ಪಿಲ್ಲ ಕಣೇ. ಕಾಲು ಭಾರ."

ಆಕೆ ತಮ್ಮ ಬಲಗಾಲನ್ನೊಮ್ಮೆ ನೋಡಿಕೊಂಡು ಹೊರಟುಹೋದರು. ನಾನು ಎಂದಿನಂತೆ ಮುಸಿಮುಸಿ ನಕ್ಕೆ. ಆ ನಗುವಿಗೆ ಇವತ್ತಿಗೂ ನನಗೆ ನಾಚಿಕೆಯಿದೆ.

ಇಪ್ಪತ್ತು ದಿನಗಳಾಗಿರಬೇಕು. ಮಧ್ಯಾಹ್ನದ ಮಂಪರಿನಲ್ಲಿ ಗಾಜಿನ ಗೋಡೆಯಾಚೆ ಸುಮ್ಮನೆ ನೋಡುತ್ತಿದ್ದೆ. ಬಿಸಿಲಿಗೆ ಅಂಗಳ ನೀರಿನ ಹಾಗೆ ಕದಲುತ್ತಿತ್ತು. ಅದರ ನಡುವಿನಿಂದ ಹೂಗಾಲಣ್ಣ ನಡೆದು ಬರುತ್ತಿದ್ದರು, ಅದೇ ಬಲಕ್ಕೆ ವಾಲಿದ ನಡಿಗೆ. ಆದರೆ ಹೂಗಾಲಣ್ಣ ನನ್ನ ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದಾರಲ್ಲ! ಕಣ್ಣುಜ್ಜಿಕೊಂಡು ನೋಡಿದರೆ, ಸರ್ವೀಸಿಗೆ ಗಾಡಿ ತಂದಿದ್ದ ಅವರ ತಂಗಿ. ಹೂಗಾಲಣ್ಣನವರೂ ನೋಡಿದರು.

"ಕಾಲಿಗೇನಾಯ್ತೇ?" ಎನ್ನುತ್ತ ಎದ್ದು ಹೋದರು.

ಆಕೆ ಗೋಡೆಗೆ ಕೈಕೊಟ್ಟು ಬಲಗಾಲಿನ ಬೂಟನ್ನು ಕಳಚಿ, ತಿರುಗಿಸಿ ತೋರಿಸಿದರು. "ನಿನ್ನ ಬೂಟಿನವನ ಹತ್ರಾನೇ ಹೆರೆಸ್ದೆ. ಅವತ್ತಿಂದ ಹಗುರ ಹಗುರ ಅಂತ ಜಪ ಮಾಡ್ಕೊಂಡೇ ಓಡಿಸ್ತಿದೀನಿ. ಹನ್ನೊಂದೂವರೆ ಆಯ್ತು, ಅಷ್ಟೇ. ಇನ್ನೂ ಎಷ್ಟು ಹೆರೀಬೇಕು, ನೀನೇ ಹೇಳಣ್ಣ."

ಆಕೆಯ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಕೇಳಿದ್ದರು; ಅಣ್ಣ ಇನ್ನಷ್ಟು ಎಂದಿದ್ದರೆ ಆ ಹೊತ್ತೇ ಹೋಗಿ ಹೆರೆಸುತ್ತಿದ್ದರು. ಹೂಗಾಲಣ್ಣ ಬೂಟನ್ನು ಕೈಗೆ ತೆಗೆದುಕೊಂಡು, ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತ ಬಹಳ ಹೊತ್ತು ನಿಂತರು. ಅವರು ಹಾಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೆಯ ದಿನ ರಜೆ ಹಾಕಿ, ಬಾಟಲಿಯನ್ನು ತಂಗಿಯ ಗಾಡಿಗೆ ತೂಗುಹಾಕಿ, "ಕಾಗದ ತಗೊಂಡು ಬನ್ನಿ ಸ್ವಾಮಿ" ಎಂದು ನನ್ನನ್ನೂ ಕರೆದರು. ಸ್ಟಿಯರಿಂಗ್ ಅವರ ಕೈಲಿ, ಬಾಗಿಲ ಬದಿಗೆ ತಂಗಿ, ನಡುವೆ ನಾನು; ಹಿಂದೆ ಹೊದಿಕೆಗಳ ಮೂಟೆಗಳು ತಾರಸಿಯೆತ್ತರ. ಹತ್ತು ಗಂಟೆಯ ಪಟ್ಟಣ: ಹೆಜ್ಜೆಗೊಂದು ಸಿಗ್ನಲ್ಲು, ಮನೆಗೊಂದು ಉಬ್ಬು, ಎದುರಿಗೆ ನುಗ್ಗುವ ಬಸ್ಸು. ಅವರ ಕಾಲು ಅಂದಿನಷ್ಟು ಮೃದುವಾಗಿ ಎಂದೂ ಆಡಿರಲಾರದು. ಆದರೂ ನಿಲ್ಲಲೇಬೇಕು, ನಿಂತು ಹೊರಡಲೇಬೇಕು. ಹೊರಟಾಗಲೆಲ್ಲ ಬಾಟಲಿಯೊಳಗಿನ ಹೊಂಬಣ್ಣ ಕಣ್ಣಿಗೆ ಕಾಣುವ ಹಾಗೆ ತಗ್ಗುತ್ತಿತ್ತು. "ಹಗುರ" ಎಂಬ ಜಪ ಯಾವಾಗ ನಿಂತಿತೋ ಗೊತ್ತಿಲ್ಲ. ಆಸ್ಪತ್ರೆ ಇನ್ನೂ ದೂರವಿರುವಾಗಲೇ, ಮೇಲ್ಸೇತುವೆಯ ಏರಿನಲ್ಲಿ, ಇಂಜಿನ್ನು ಬಿಕ್ಕಿತು. ತೇಲಿಸಿಕೊಂಡು ಹೋಗಲು ಇಲ್ಲಿ ಇಳಿಜಾರು ಎಲ್ಲಿಂದ ಬರಬೇಕು? ಹಿಂದಿನ ಹಾರನ್ನುಗಳೆಲ್ಲ ಒಟ್ಟಿಗೆ ಬಾಯಿಬಿಟ್ಟವು.

"ಎಷ್ಟು?" ಎಂದರು ಹೂಗಾಲಣ್ಣ.

"ಹನ್ನೆರಡು."

ತಂಗಿ ಆಗಲೇ ಕೆಳಗಿಳಿದು, ಟ್ಯಾಂಕಿನ ಪೈಪು ಜೋಡಿಸಿ, ಒಳಹೊಕ್ಕ ಗಾಳಿಯನ್ನು ಪಂಪು ಒತ್ತಿ ತೆಗೆಯುತ್ತಿದ್ದರು. ಹೂಗಾಲಣ್ಣ ಹೋಗಿ ಪಕ್ಕದಲ್ಲಿ ನಿಂತರು. "ನನ್ನ ಕಾಲಿಗೂ ಆಗ್ಲಿಲ್ಲ ಕಣೇ" ಎಂದರು.

ಆಕೆ ಪಂಪು ಒತ್ತುವುದನ್ನು ಬಿಡದೆ ಹೇಳಿದರು: "ನೀನು ಹನ್ನೊಂದು ಅಂತ ಹೇಳಿದ್ರೂ ತಗೋತಿದ್ದೆ ಅಣ್ಣ. ಆಸ್ಪತ್ರೆಗೆ ಎರಡೇ ಸುತ್ತು ಅಂತ ಒಪ್ಕೋತಿದ್ದೆ, ಅಷ್ಟೇ."

ಹೂಗಾಲಣ್ಣ ಅಲ್ಲೇ, ಅಷ್ಟು ಜನರೆದುರಿಗೆ, ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ಅತ್ತುಬಿಟ್ಟರು.

ಮುಂದಿನದು ಬೇಗ ಮುಗಿಯುತ್ತದೆ. ಆಸ್ಪತ್ರೆಯ ಅಧಿಕಾರಿಯ ಬಳಿಗೆ ಅವರೇ ಹೋಗಿ, "ತಪ್ಪು ಲೆಕ್ಕ ಕೊಟ್ಟೋನು ನಾನು, ಆಕೆ ಅಲ್ಲ" ಎಂದು ಕೈಮುಗಿದು, ನಾಲ್ಕು ಸುತ್ತನ್ನು ಎರಡಕ್ಕೆ ಇಳಿಸಿಕೊಂಡು ಬಂದರು, ಲಾಂಡ್ರಿ ಉಳಿಯಿತು. ವಾರದೊಳಗೆ ಹೂಕುಂಡ ಮಾರುವವನೊಬ್ಬ ಗಾಡಿ ನೋಡಲು ಬಂದಾಗ, ಹಿಂದೆ ಹಳೆಯ ಟಯರುಗಳನ್ನು ಹೇರಿಸಿ, ಸ್ಟಿಯರಿಂಗನ್ನು ಅವನಿಗೇ ಕೊಟ್ಟು, ಪಟ್ಟಣದೊಳಗಿನಿಂದ ಹೊರಡಿಸಿದರು. ಹನ್ನೊಂದಕ್ಕೆ ಗಾಡಿ ನಿಂತಿತು. "ಇಷ್ಟೇ ಸ್ವಾಮಿ. ಇದಕ್ಕೆ ಒಪ್ಪಿಗೆ ಇದ್ರೆ ತಗೊಳ್ಳಿ" ಎಂದರು. ಅವನು ತೆಗೆದುಕೊಳ್ಳಲಿಲ್ಲ. ಯಜಮಾನರು ಕೋಪಿಸಿಕೊಳ್ಳುವ ಮೊದಲೇ ಹೂಗಾಲಣ್ಣ ಬೂದು ಕೋಟನ್ನು ಕಳಚಿ, ನನ್ನ ಕುರ್ಚಿಯ ಹಿಂದಿನ ಗೂಟಕ್ಕೆ ನೇತುಹಾಕಿ, ತಂಗಿಯ ಲಾಂಡ್ರಿಗೆ ಹೊರಟುಹೋದರು.

ಕೋಟು ಅಲ್ಲೇ ಇದೆ. ಡೆಮೊಗೆ ಬೇರೊಬ್ಬರು ಬಂದಿದ್ದಾರೆ. ನಾನು ಅದೇ ಫಲಕದ ಕೆಳಗೆ ಕೂತು, ಇಳಿಜಾರನ್ನು ಲೆಕ್ಕಕ್ಕೆ ಸೇರಿಸಿಕೊಂಡು, ಈಗಲೂ ಹದಿನೆಂಟು ಎಂದೇ ಬರೆಯುತ್ತೇನೆ. ಬೆಳಗಿನ ಹೊತ್ತು ಆಸ್ಪತ್ರೆಯ ರಸ್ತೆಯಲ್ಲಿ ಒಮ್ಮೊಮ್ಮೆ ಹೂಗಾಲಣ್ಣ ಸಿಗುತ್ತಾರೆ. ಅಣ್ಣ ತಂಗಿ ಇಬ್ಬರೂ ಈಗ ಸರಿಯಾದ ಅಟ್ಟೆಯ ಬೂಟು ಹಾಕುತ್ತಾರೆ. ಹೂಗಾಲಣ್ಣನವರ ವಾಲಿಕೆ ಮಾತ್ರ ಹೋಗಿಲ್ಲ. ಮೂಟೆ ಹೊತ್ತು ಅವರು ಆಸ್ಪತ್ರೆಯ ಅಂಗಳ ದಾಟುವುದನ್ನು ನೋಡುವಾಗ ನನಗೆ ಅನಿಸುತ್ತದೆ: ಅಪರೂಪದ ಕುಶಲತೆಯಿರುವವರ ಬಗೆಯೇ ಹೀಗೆ, ತಮಗೆ ಸಲೀಸಾದದ್ದು ಲೋಕಕ್ಕೆಲ್ಲ ಸಲೀಸು ಎಂದು ಅವರು ಶುದ್ಧ ಮನಸ್ಸಿನಿಂದ ನಂಬಿರುತ್ತಾರೆ, ಮತ್ತು ಅವರನ್ನು ಪ್ರೀತಿಸುವವರು ಆ ನಂಬಿಕೆ ಹುಸಿಯಾಗದಿರಲೆಂದು ಸದ್ದಿಲ್ಲದೆ ತಮ್ಮನ್ನೇ ಹೆರೆದುಕೊಳ್ಳುತ್ತಿರುತ್ತಾರೆ. ಅಂಥ ಕುಶಲರಲ್ಲಿ ಬಹುಪಾಲು ಜನ ಇದನ್ನು ತಿಳಿಯದೆಯೇ, ಚಪ್ಪಾಳೆ ಕೇಳುತ್ತಲೇ ಬದುಕು ಮುಗಿಸುತ್ತಾರೆ. ಎಲ್ಲೋ ಒಬ್ಬರು ಬೇರೆಯವರ ಬೂಟನ್ನು ತಿರುಗಿಸಿ ನೋಡುತ್ತಾರೆ.