ರೊಟ್ಟಿ ಕೇಂದ್ರದ ವೆಬ್‌ಸೈಟು

"ಹತ್ತು ಹೊಡೀತು. ಎಲ್ಲಿ ಬೇ ನಿನ್ನ ಗಿರಾಕಿ?"

ಸೆರಗಿನ ಗಂಟಿನಿಂದ ಶೆಡ್ಡಿನ ಕೀಲಿ ಬಿಚ್ಚಿ ಕೈಯಲ್ಲಿ ಹಿಡಿದೇ ಕೇಳಿದಳು ಶರಣಬಸಮ್ಮ. ಜೇವರ್ಗಿಯ ಆ ರೊಟ್ಟಿ ಕೇಂದ್ರಕ್ಕೆ ಅವಳೇ ಅಧ್ಯಕ್ಷೆ. ಹೊರಗೆ ವ್ಯಾಪಾರಿ ಜಗದೇವನ ಟೆಂಪೊ ನಿಂತಿತ್ತು. ಇವತ್ತೂ ಆರ್ಡರು ಬಾರದಿದ್ದರೆ, ಅವನಿಗೆ ಕೊಟ್ಟ ಮಾತಿನಂತೆ, ರೊಟ್ಟಿಯೂ ಶೆಡ್ಡೂ ಅವನ ಪಾಲು, ಹೆಂಗಸರೆಲ್ಲ ಮತ್ತೆ ಅವನ ಕೂಲಿಯಾಳುಗಳು.

ಪಂಚಶೀಲಾ ಮೊಬೈಲಿನಿಂದ ಕಣ್ಣು ಕೀಳಲಿಲ್ಲ. ರೊಟ್ಟಿ ಮಾರುವ ವೆಬ್‌ಸೈಟು ಮಾಡಿದವಳು ಅವಳೇ ಅಲ್ಲವೇ! ಹೋದ ವರ್ಷ ಎಳ್ಳಮಾವಾಸ್ಯೆಗೆಂದು ಪುಣೆ, ಹೈದರಾಬಾದಿನ ಮಂದಿ ಒಮ್ಮೆಲೇ ಮುಗಿಬಿದ್ದಾಗ ಅದು ಅಂಗಾತ ಮಲಗಿಬಿಟ್ಟಿತ್ತು. ಯಾರು ಪುಟ ತೆರೆದರೂ ಫೋಟೋಗಳೆಲ್ಲ ಅಮೆರಿಕದಲ್ಲಿದ್ದ ಒಂದೇ ಕಂಪ್ಯೂಟರಿನಿಂದ ಬರಬೇಕಿತ್ತು. ಅಷ್ಟು ಹೊತ್ತು ಕಾಯಲು ಯಾರಿಗೇನು ಬೇರೆ ಕೆಲಸವಿಲ್ಲವೇ? ಈ ಸಲ ಅವುಗಳ ನಕಲನ್ನು ಮುಂಬೈ, ಹೈದರಾಬಾದು, ಚೆನ್ನೈಗಳ ಕಂಪ್ಯೂಟರುಗಳಲ್ಲಿ ಮೊದಲೇ ಇಡಿಸಿದ್ದಳು. ಕೇಳಿದವರಿಗೆ ಹತ್ತಿರದ ಊರಿನಿಂದಲೇ ಸಿಗುತ್ತಿತ್ತು.

"ಮೊದಲೇ ಇಟ್ಟಿದ್ದು ಹಳಸಲ್ಲೇನು?" ಮಗಳ ಬಾಯಲ್ಲಿ ಇದನ್ನು ಕೇಳಿದಾಗಿನಿಂದ ಒಲೆಯ ಮುಂದಿದ್ದ ತಾಯಿ ಭಾಗಮ್ಮನಿಗೆ ಅದೇ ಚಿಂತೆ.

"ಯವ್ವಾ, ಬೀಗರು ಬಂದಾಗೊಮ್ಮೆ ಒಲಿ ಹಚ್ಚತಿಯೇನು? ಕಡಕ್ ರೊಟ್ಟಿ ಮಾಡಿ ಡಬ್ಬ್ಯಾಗ ಇಟ್ಟಿರ್ತಿ, ಬಂದ ಕೂಡಲೇ ಹಾಕ್ತಿ. ಪಲ್ಯಾ ಅಷ್ಟೇ ಬಿಸಿ ಬೇಕು. ಇದೂ ಹಂಗೇ. ಫೋಟೋ ಅಷ್ಟೇ ಮೊದಲೇ ಇಡೋದು. ಮಾಲು ಎಷ್ಟು ಉಳದದ ಅನ್ನೋದು ಆಗಿಂದಾಗ ನಮ್ಮ ಕಡಿಂದ ಹೋಗ್ತದ."

"ಮಾತಿಗೇನು ಕಡಿಮಿ ಇಲ್ಲ," ಎಂದಳು ಶರಣಬಸಮ್ಮ.

ಮೊಬೈಲು ಟಿಂಗ್ ಎಂದಿತು. ಪುಣೆಯ ಆರ್ಡರು. ಮತ್ತೊಂದು, ಮಗದೊಂದು. ಪಂಚಶೀಲಾ ನಗಲಿಲ್ಲ. ಹೋದ ವರ್ಷವೂ ನಾಲ್ಕು ಆರ್ಡರು ಬಂದ ಮೇಲೇ ಅದು ಕಣ್ಣು ಮುಚ್ಚಿದ್ದು. ನಾಲ್ಕು ದಾಟಿತು. ಆಮೇಲೆ ಮೊಬೈಲು ಬಾಯಿ ಮುಚ್ಚಲೇ ಇಲ್ಲ. ನಂಬಿಕೆ ಸಾಲದೆ ಶರಣಬಸಮ್ಮ ತನ್ನ ಮೊಬೈಲಿನಲ್ಲೂ ವೆಬ್‌ಸೈಟು ಒತ್ತಿ ನೋಡಿದಳು. ಬೆರಳು ತೆಗೆಯುವುದರೊಳಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎದುರಿಗೆ ಬಂದಿತ್ತು.

"ಅಬ್ಬಬ್ಬಾ! ಏನ್ ಬೇ ಇದು!"

ಹೆಂಗಸರು ಹೋ ಎಂದು ಕೂಗಿದರು. ಪಂಚಶೀಲಾಳಿಗೆ ಖುಷಿಯಿಂದ ಅಳುವೇ ಬಂತು.

ಟೆಂಪೊದ ಡ್ರೈವರು ಅಮೋಘಸಿದ್ದ ಬಾಗಿಲಲ್ಲಿ ಇಣುಕಿದ. "ಅಕ್ಕೋರೆ, ಮಾಲು ಏರಸ್ಲೇನ್ರಿ?"

"ಯಾವ ಮಾಲೋ? ಇದೆಲ್ಲಾ ಪುಣೆಕ್ಕ ಹೊಂಟದ. ನಿಮ್ಮ ಸಾಹುಕಾರಗ ರೊಟ್ಟಿ ಬೇಕಿದ್ರ ಆರ್ಡರ್ ಹಾಕು ಅಂತ ಹೇಳು."

ಶರಣಬಸಮ್ಮ ಕೀಲಿಯನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡು ಭಾಗಮ್ಮನ ಪಕ್ಕದಲ್ಲೇ ಕೂತಳು. ಹಿಟ್ಟಿನ ಉಂಡೆಯೊಂದನ್ನು ಎಳೆದುಕೊಂಡು ತಟ್ಟತೊಡಗಿದಳು. ಆ ಸಪ್ಪಳದಲ್ಲಿ ಟೆಂಪೊ ಹೋದದ್ದು ಯಾರಿಗೂ ಕೇಳಿಸಲಿಲ್ಲ.