ಹನ್ನೊಂದನೆಯ ಪೊಟ್ಟಣ

ಮೊಳೆಮಾವ ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟ. ಹೆಗಲ ಮೇಲಿದ್ದ ರೆಕ್ಸಿನ್ ಸುರುಳಿ ಜಾರಿ ಕಾಲ ಮೇಲೆ ಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ. ಒಳಗಿನ ಮೂಲೆ ಖಾಲಿಯಾಗಿತ್ತು. ಆರು ವರ್ಷದಿಂದ ಅಲ್ಲಿ ಬಿದ್ದಿದ್ದ ಹಳೆಯ ಕೈಕುರ್ಚಿ ಇರಲಿಲ್ಲ, ಅದರ ನಾಲ್ಕು ಕಾಲಿನ ಗುರುತು ಮಾತ್ರ ಧೂಳಿನಲ್ಲಿ ಉಳಿದಿತ್ತು.

"ಕುರ್ಚಿ ಎಲ್ಲೋ?" ಎಂದ.

ಅವನ ಭಾಮೈದ ಒಂದು ಸೋಫಾದ ಬೆನ್ನಿಗೆ ಬಟ್ಟೆ ಎಳೆದು ಕೂರಿಸುತ್ತಿದ್ದ. ತಲೆ ಎತ್ತದೆ, "ಪೋಸ್ಟಮ್ಮಂದಾ? ಕೊಟ್ಟು ಕಳಿಸ್ದೆ ಭಾವ. ನೀವು ಸಿನಿಮಾ ಮಂದಿರದ ಸೀಟು ಕೆಲಸಕ್ಕೆ ಹೋದ್ರಲ್ಲ, ಅವತ್ತೇ ಬಂದ್ರು. ಮಗನ ಊರಿಂದ ವಾಪಸ್ ಬಂದಿದಾರಂತೆ. ಆರು ವರ್ಷದ ಹಿಂದೆ ಅಡ್ವಾನ್ಸ್ ಕೊಟ್ಟಿದ್ದೆ, ನನ್ನ ಹೆಣ ಕೂರ್ಸೋಕೆ ಇಟ್ಕೊಂಡಿದೀರಾ ಅಂತ ಬೀದಿಗೆಲ್ಲ ಕೇಳೋ ಹಾಗೆ ಬೈದ್ರು. ಎರಡೇ ದಿನದಲ್ಲಿ ಮುಗಿಸಿ ಇವತ್ತು ಬೆಳಿಗ್ಗೆ ಮುಟ್ಟಿಸ್ದೆ," ಎಂದ. ಶಭಾಷ್‌ಗಿರಿ ಸಿಗುತ್ತದೆಂದು ಕಾಯುತ್ತಿದ್ದವನ ದನಿ ಅದು.

ಮೊಳೆಮಾವ ಖಾಲಿ ಮೂಲೆಯತ್ತ ಬೆರಳು ಮಾಡಿದ. "ಸೀಟು ಬಿಚ್ಚಿದ್ಯಾ?"

ಭಾಮೈದ ಈಗ ತಲೆ ಎತ್ತಿದ, ಮತ್ತೆ ತಗ್ಗಿಸಿದ. "ಬಿಚ್ಚಿದೆ... ಅಂದ್ರೆ, ಪೂರ್ತಿ ಅಲ್ಲ."

"ನನ್ನ ಮೇಲೆ ಆಣೆ ಇಟ್ಟು ಹೇಳು."

"ಬಿಚ್ಚಲಿಲ್ಲ ಭಾವ. ಒತ್ತಿ ನೋಡಿದೆ, ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹಳೇ ಬಟ್ಟೆ ಮೇಲೇ ಹೊಸ ಬಟ್ಟೆ ಹೊಡೆದುಬಿಟ್ಟೆ. ಯಾರಿಗೆ ಗೊತ್ತಾಗುತ್ತೆ?"

ಈ ಅಂಗಡಿಯಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿರಲಿಲ್ಲ. ಯಾವ ಕುರ್ಚಿ ಬಂದರೂ ಮರ ಕಾಣುವ ತನಕ ಬಿಚ್ಚಬೇಕು, ಬಟ್ಟೆಯ ಮೇಲೆ ಬಟ್ಟೆ ಹೊಡೆಯುವುದೆಂದರೆ ಮುಖ ತೊಳೆಯದೆ ಪೌಡರ್ ಹಚ್ಚಿದಂತೆ ಎಂದು ಮೊಳೆಮಾವ ಇಪ್ಪತ್ತು ವರ್ಷದಿಂದ ಇವನ ಕಿವಿಯಲ್ಲಿ ಊದುತ್ತಲೇ ಇದ್ದ. ಭಾಮೈದ ಬೈಗುಳಕ್ಕೆ ಸಿದ್ಧನಾಗಿ ಕುತ್ತಿಗೆ ಒಳಗೆಳೆದುಕೊಂಡ. ಮೊಳೆಮಾವ ಓಡಿಬಂದು ಅವನನ್ನು ತಬ್ಬಿಕೊಂಡ. "ನಿನ್ನ ಸೋಮಾರಿತನ ನೂರು ವರ್ಷ ಬಾಳಲಪ್ಪ!" ಎಂದವನೇ ಸುತ್ತಿಗೆ, ಮೊಳೆ ಕೀಳುವ ಕೊಕ್ಕೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟ. ಭಾಮೈದ ಬಾಯಿಬಿಟ್ಟುಕೊಂಡು ನೋಡುತ್ತ ನಿಂತ.

ಮೊಳೆಮಾವ ಎಂದು ಹೆಸರು ಬಂದದ್ದು ಕೆಲಸ ಮಾಡುವಾಗ ಸಣ್ಣ ಮೊಳೆಗಳನ್ನು ಬಾಯಲ್ಲಿ ತುಂಬಿಕೊಂಡು ಒಂದೊಂದೇ ತೆಗೆದು ಹೊಡೆಯುತ್ತಿದ್ದುದರಿಂದ. ಕೆಲಸದಲ್ಲಿ ಅವನ ಕೈಯನ್ನು ಮೀರಿಸುವವರಿರಲಿಲ್ಲ. ಆದರೆ ಅದೇ ಕೈಯಲ್ಲಿ ಕಾಸು ಮಾತ್ರ ನಿಲ್ಲುತ್ತಿರಲಿಲ್ಲ. ಟೀ ಅಂಗಡಿಗೆ ಹೋದರೆ ಇದ್ದವರಿಗೆಲ್ಲ ಟೀ, ಲಾಟರಿ ಮಾರುವವನು ಮುಖ ಸಪ್ಪೆ ಮಾಡಿದರೆ ನಾಲ್ಕು ಚೀಟಿ. ಹೆಂಡತಿ ತದ್ವಿರುದ್ಧ. ವರ್ಷದ ಕೊನೆಯ ರಜೆಗೆ ಇಬ್ಬರು ಹೆಣ್ಣುಮಕ್ಕಳು, ಅಳಿಯಂದಿರು, ಮೂವರು ಮೊಮ್ಮಕ್ಕಳು ಬಂದು ಸೇರುವುದು ಆ ಮನೆಯ ರೂಢಿ. ಅವರೆಲ್ಲರಿಗೂ, ತಮ್ಮನಿಗೂ, ತಮ್ಮನ ಹೆಂಡತಿಗೂ, ಗಂಡನಿಗೂ ಸೇರಿ ಹತ್ತು ಪೊಟ್ಟಣ ಅವಳು ಕಟ್ಟಬೇಕು. ಒಂದು ರಜೆ ಮುಗಿದು ಬಾಗಿಲು ಹಾಕಿದ ಮರುದಿನವೇ ಮುಂದಿನ ರಜೆಗೆ ಎತ್ತಿಡಲು ಶುರು. ಛತ್ರಿಯನ್ನು ಬಿಸಿಲಲ್ಲಿ, ಸ್ವೆಟರನ್ನು ಸೆಕೆಯಲ್ಲಿ, ಹೀಗೆ ಯಾರಿಗೂ ಬೇಡವಾದ ಕಾಲದಲ್ಲಿ ಅರ್ಧ ಬೆಲೆಗೆ ತಂದು ಪೆಟ್ಟಿಗೆಗೆ ಸೇರಿಸುವಳು. "ಬಾಯಾರೋಕೆ ಮುಂಚೆ ಬಾವಿ ತೋಡಬೇಕು" ಎನ್ನುವುದು ಅವಳ ಮಾತು. ಆ ಬಾವಿಯ ನೀರನ್ನು ಮೊಳೆಮಾವ ಮೂವತ್ತೊಂದು ವರ್ಷ ತಣ್ಣಗೆ ಕುಡಿದಿದ್ದ.

ಹೋದ ವರ್ಷ ಕಾಗದ ಹರಿಯುವ ಗದ್ದಲದ ನಡುವೆ ಚಿಕ್ಕ ಮೊಮ್ಮಗಳು, "ಅಜ್ಜೀ, ನಿಂದೆಲ್ಲಿ?" ಎಂದು ಕೇಳಿದ್ದಳು. "ನಂಗೆ ವಯಸ್ಸಾಯ್ತಲ್ಲ ಪುಟ್ಟಾ, ವಯಸ್ಸಾದವರಿಗೆ ಕೊಡಲ್ಲ" ಎಂದು ಅಜ್ಜಿ ನಕ್ಕಳು. ಮಗು ಬಿಡಲಿಲ್ಲ. "ತಾತಂಗೆ ಕೊಟ್ಟಿದೀಯಲ್ಲ?" ಹೊಸ ಟೋಪಿಯನ್ನು ತಲೆಗಿಟ್ಟುಕೊಂಡು ಕೂತಿದ್ದ ತಾತನಿಗೆ ಆ ಟೋಪಿ ಮಣಭಾರವಾಯಿತು. ಇಷ್ಟು ವರ್ಷ ಇದು ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮುಂದಿನ ಸಲ ಹನ್ನೊಂದು ಪೊಟ್ಟಣ ಇರಬೇಕು, ಹನ್ನೊಂದನೆಯದನ್ನು ನಾನೇ ತರಬೇಕು ಎಂದು ಅವತ್ತೇ ನಿಶ್ಚಯಿಸಿದ.

ನಿಶ್ಚಯವೇನೋ ಆಯಿತು, ದುಡ್ಡು ಇಡುವುದೆಲ್ಲಿ? ಮನೆಯಲ್ಲಿಟ್ಟರೆ ಅವಳ ಪೊರಕೆಗೆ ಸಿಗದ ಮೂಲೆಯಿಲ್ಲ. ಅಂಗಡಿಯ ಡ್ರಾಯರಿನಲ್ಲಿಟ್ಟರೆ ಭಾಮೈದನ ಕೈಸಾಲ. ಜೇಬಿನಲ್ಲಿಟ್ಟರೆ ತಾನೇ ಕಳ್ಳ. ಕೊನೆಗೆ ಪೋಸ್ಟಮ್ಮನ ಕುರ್ಚಿ ಕಣ್ಣಿಗೆ ಬಿತ್ತು. ಹೇಗೂ ಕೇಳುವವರಿಲ್ಲ. ಅಡಿಯ ಗೋಣಿಬಟ್ಟೆಯಲ್ಲಿ ಎರಡು ಬೆರಳು ತೂರುವಷ್ಟು ಸೀಳು ಮಾಡಿ, ಟೀ, ಲಾಟರಿಯಲ್ಲಿ ಉಳಿಸಿದ ನೋಟನ್ನು ಮಡಚಿ ಸ್ಪ್ರಿಂಗುಗಳ ಮೇಲಿನ ನಾರಿಗೆ ತುರುಕಿದ. ಹಾಕುವುದು ಸುಲಭ. ತೆಗೆಯಬೇಕೆಂದರೆ ನಲವತ್ತು ಮೊಳೆ ಕೀಳಬೇಕು. ಎರಡನೇ ಟೀಗಾಗಿ ನಲವತ್ತು ಮೊಳೆ ಕೀಳುವ ಹುಚ್ಚ ಯಾರೂ ಇಲ್ಲ. ಹೀಗೆ ಹನ್ನೊಂದು ತಿಂಗಳು ನಡೆದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಗೊಣಗುತ್ತ ಈಗ ಅವನು ಪೋಸ್ಟಮ್ಮನ ಮನೆಯ ಮೆಟ್ಟಿಲು ಹತ್ತಿದ. ರಜೆಗೆ ಹದಿನೈದು ದಿನ ಉಳಿದಿತ್ತು.

ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದ ಪೋಸ್ಟಮ್ಮ ಕಿಟಕಿಯ ಪಕ್ಕದಲ್ಲಿ ಅದೇ ಕುರ್ಚಿಯ ಮೇಲೆ, ಅವನ ಹನ್ನೊಂದು ತಿಂಗಳ ಮೇಲೆ, ಪೇಪರ್ ಓದುತ್ತ ಕೂತಿದ್ದರು.

"ಬಾರಯ್ಯ. ಸೀಟು ಚೆನ್ನಾಗಿ ಬಂದಿದೆ ಕಣೋ. ಸೊಂಟಕ್ಕೆ ಹಿತವಾಗಿದೆ."

"ಅದೇ ಅಮ್ಮಾ, ಒಂದು ಮೊಳೆ ಸಡಿಲ ಇದೆ ಅನ್ನಿಸ್ತು. ಅಂಗಡಿಗೆ ತಗೊಂಡು ಹೋಗಿ ನಾಳೆ ತಂದುಕೊಡ್ತೀನಿ."

"ನಿನ್ನ ನಾಳೆ ನಂಗೊತ್ತು. ಆರು ವರ್ಷ ಉದ್ದ ಅದು."

"ಹಾಗಾದ್ರೆ ಇಲ್ಲೇ, ಐದು ನಿಮಿಷ..."

ಪೋಸ್ಟಮ್ಮ ಪೇಪರ್ ಮಡಚಿ ಕನ್ನಡಕದ ಮೇಲಿಂದ ನೋಡಿದರು. "ನೋಡು, ಮೂವತ್ತು ವರ್ಷ ಕೌಂಟರಿನಲ್ಲಿ ಕೂತು ಜನರ ಮುಖ ಓದಿದೀನಿ. ಮೊಳೆ ಸಡಿಲ ಆದವನ ಮುಖ ಅಲ್ಲ ಇದು. ಏನಿಟ್ಟಿದೀಯ ಇದರೊಳಗೆ?"

ಇಂಗು ತಿಂದ ಮಂಗನಂತಾದ ಮೊಳೆಮಾವ. ಆಮೇಲೆ ಎಲ್ಲ ಹೇಳಿದ. ಟೋಪಿಯ ವಿಷಯವನ್ನೂ ಬಿಡಲಿಲ್ಲ. ಪೋಸ್ಟಮ್ಮ ನಗಲಿಲ್ಲ. ಎದ್ದು ಸ್ಟೂಲಿನ ಮೇಲೆ ಕೂತರು. "ಬಿಚ್ಚು. ಮರ ಕಾಣೋ ತನಕ ಬಿಚ್ಚಿ ಸರಿಯಾಗಿ ಹೊಡೆದುಕೊಡು. ಬಟ್ಟೆ ಮೇಲೆ ಬಟ್ಟೆ ಹಾಕಿದ್ದು ನಂಗೆ ತಿಳಿಯಲ್ಲ ಅಂದ್ಕೊಂಡ್ಯಾ? ಇದಕ್ಕೆ ಒಂದು ಕಾಸೂ ಕೊಡಲ್ಲ."

ಅವನು ನೆಲದ ಮೇಲೆ ಕೂತು ಮೊಳೆ ಕಿತ್ತ. ನಾರಿನ ನಡುವೆ ನೋಟುಗಳು ಒಂದೊಂದೇ ಸಿಕ್ಕವು, ಸ್ಪ್ರಿಂಗಿನ ಸುರುಳಿಗೆ ಸಿಕ್ಕಿ ಬಿಲ್ಲಿನಂತೆ ಬಾಗಿದ್ದವು. ಎಲ್ಲ ಇದ್ದವು. ನಿಟ್ಟುಸಿರು ಬಿಟ್ಟು, ಹೊಸ ಬಟ್ಟೆಯನ್ನು ಮತ್ತೆ ಎಳೆದು ಕೂರಿಸತೊಡಗಿದಾಗ ಪೋಸ್ಟಮ್ಮ ಕೇಳಿದರು: "ಸರಿ, ಏನು ತಗೋತೀಯ ಅವಳಿಗೆ?"

"ಒಳ್ಳೇ ಬಟ್ಟೆ."

"ಯಾವ ಬಣ್ಣ?"

ಬಾಯಲ್ಲಿ ಮೊಳೆಯಿತ್ತು, ಹಾಗಾಗಿ ತಕ್ಷಣ ಉತ್ತರಿಸಬೇಕಾಗಿರಲಿಲ್ಲ. ಅವು ಮುಗಿದ ಮೇಲೆ ಇನ್ನೊಂದು ಹಿಡಿ ತುಂಬಿಕೊಂಡ. ಅವೂ ಮುಗಿದವು.

"ಚಪ್ಪಲಿ ಆದೀತು," ಎಂದ.

"ಅಳತೆ?"

ಯಾವ ಕುರ್ಚಿಯ ಅಗಲವನ್ನೂ ಕಣ್ಣಲ್ಲೇ ಅಳೆದು ಬಟ್ಟೆ ಕತ್ತರಿಸುವವನಿಗೆ ಹೆಂಡತಿಯ ಪಾದದ ಅಳತೆ ಗೊತ್ತಿರಲಿಲ್ಲ. ದೊಡ್ಡ ಅಳಿಯನಿಗೆ ನೀಲಿ ಇಷ್ಟ, ಚಿಕ್ಕ ಮಗಳಿಗೆ ಗಾಜಿನ ಸಾಮಾನು ಇಷ್ಟ ಎಂದೆಲ್ಲ ಗೊತ್ತಿತ್ತು, ಅವಳೇ ಹೇಳಿದ್ದರಿಂದ. ತನ್ನದನ್ನು ಅವಳು ಹೇಳಿರಲಿಲ್ಲ. ಇವನು ಕೇಳಿರಲಿಲ್ಲ. ದುಡ್ಡು ಕಳೆಯಿತು ಎಂದುಕೊಂಡಾಗಲೂ ಆಗದಷ್ಟು ಸಂಕಟ ಅವನಿಗೆ ಈಗಾಯಿತು.

"ಹೋಗಿ ಅವಳನ್ನೇ ಕೇಳು," ಎಂದರು ಪೋಸ್ಟಮ್ಮ.

"ಕೇಳಿದ್ರೆ ಅವಳಿಗೆ ಗೊತ್ತಾಗಿಬಿಡುತ್ತಲ್ಲಮ್ಮಾ."

"ಕೇಳದಿದ್ರೆ ನಿಂಗೆ ಗೊತ್ತಾಗಲ್ವಲ್ಲಯ್ಯಾ. ಯಾವುದು ವಾಸಿ?"

ಸಂಜೆ ಮನೆಗೆ ಹೋದಾಗ ಹೆಂಡತಿ ನೆಲದ ಮೇಲೆ ಕಾಗದ ಹರಡಿಕೊಂಡು ಪೊಟ್ಟಣ ಕಟ್ಟುತ್ತಿದ್ದಳು. ಏಳು ಮುಗಿದಿದ್ದವು. ಅವನು ಚಪ್ಪಲಿ ಬಿಟ್ಟ, ಕಾಲು ತೊಳೆದ, ಮತ್ತೊಮ್ಮೆ ಕಾಲು ತೊಳೆದ. ಕಡೆಗೆ ಬಂದು ಎದುರಿಗೆ ಕೂತು, "ನಿಂಗೇನು ಇಷ್ಟ?" ಎಂದ.

ಅವಳ ಕೈಯಲ್ಲಿದ್ದ ಕತ್ತರಿ ನಿಂತಿತು. ಮುಖ ಬಿಳಿಚಿಕೊಂಡಿತು. "ಡಾಕ್ಟ್ರು ಏನಂದ್ರು?"

"ಯಾವ ಡಾಕ್ಟ್ರು?"

"ಮುಚ್ಚಿಡಬೇಡಿ ರೀ. ವರ್ಷದಿಂದ ನೋಡ್ತಿದೀನಿ. ಎರಡನೇ ಟೀ ಬಿಟ್ರಿ. ಸ್ನೇಹಿತರ ಜೊತೆ ಕೂರೋದು ಬಿಟ್ರಿ. ಮೊನ್ನೆ ಲಾಟರಿಯವನು ಮನೆ ಬಾಗಿಲಿಗೇ ಬಂದು, ಮಾವ ಹುಷಾರಾಗಿದಾರಾ ಅಂತ ಕೇಳಿದ. ಈಗ ಬಂದು ನಂಗೇನಿಷ್ಟ ಅಂತೀರಿ. ಯಾವ ಕಾಯಿಲೆ ಹೇಳಿಬಿಡಿ, ನಾನು ತಡ್ಕೋತೀನಿ."

ಅಯ್ಯೋ ದೇವರೇ! ಅವನು ಗಾಬರಿಯಿಂದ ಜೇಬಿಗೆ ಕೈಹಾಕಿ ಬಾಗಿದ ನೋಟುಗಳನ್ನೆಲ್ಲ ಅವಳ ಮುಂದೆ ಸುರಿದ. "ಕಾಯಿಲೆ ಇದೇ ಕಣೇ. ಕೂಡಿಟ್ಟೆ. ನಿನ್ನ ಗಿಫ್ಟಿಗೆ."

ಅವಳು ನೋಟುಗಳನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಬೈಯಲು ಶುರುಮಾಡಿದಳು. ರಾತ್ರಿಯೆಲ್ಲ ಅವನ ಉಸಿರು ಕೇಳಿಸಿಕೊಂಡು ಮಲಗಿದ್ದೆಷ್ಟು ದಿನ, ದೊಡ್ಡ ಮಗಳಿಗೆ ಫೋನ್ ಮಾಡಿ ಅತ್ತದ್ದೆಷ್ಟು ಸಲ, ಎಲ್ಲ ಬಂತು. ಬೈಯುತ್ತಲೇ ಕಣ್ಣೊರೆಸಿಕೊಂಡಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಇಷ್ಟು ಸುಖವಾಗಿ ಬೈಸಿಕೊಂಡದ್ದು ಅವನಿಗೆ ನೆನಪಿರಲಿಲ್ಲ.

"ಹೇಳಿಬಿಡು, ಏನು ಬೇಕು? ನಾಳೇನೇ ತರ್ತೀನಿ."

ಅವಳು ಕಟ್ಟಿದ ಪೊಟ್ಟಣಗಳ ಮೇಲೆ ಕೈಯಾಡಿಸಿದಳು. "ಹೇಳಲ್ಲ. ಮೂವತ್ತೊಂದು ವರ್ಷ ಆಯ್ತು, ಈ ಮನೇಲಿ ಒಳಗೇನಿದೆ ಅಂತ ನಂಗೆ ಗೊತ್ತಿಲ್ಲದ ಒಂದು ಪೊಟ್ಟಣ ಬಂದಿಲ್ಲ. ನೀವೇ ಏನೋ ಒಂದು ತನ್ನಿ. ನಂಗೆ ಗೊತ್ತಾಗಬಾರದು, ಅಷ್ಟೇ."

"ಇಷ್ಟ ಆಗದಿದ್ರೆ?"

"ಇಷ್ಟ ಆಗದಿದ್ರೆ ಬೈತೀನಿ. ಮೊದಲು ದುಡ್ಡು ಎತ್ತಿಟ್ಕೊಳ್ಳಿ. ಎಷ್ಟಿದೆ ಅಂತ ಕಣ್ಣಿಗೆ ಬಿದ್ರೆ, ಅದಕ್ಕೆ ಏನು ಬರುತ್ತೆ ಅಂತ ಲೆಕ್ಕ ಹಾಕಿಬಿಡ್ತೀನಿ. ನನ್ನ ತಲೆ ನಂಗೊತ್ತು." ಹಾಗೆಂದು ಗೋಡೆಯ ಕಡೆ ತಿರುಗಿ ಕೂತಳು. ಅವನು ಮೊಣಕಾಲೂರಿ ಒಂದೊಂದೇ ನೋಟು ಹೆಕ್ಕಿದ. "ಆಯ್ತಾ?" ಎಂದು ಅವಳು ಎರಡು ಸಲ ಕೇಳಿದಳು.

ಮುಂದಿನ ಎರಡು ವಾರ ಮೊಳೆಮಾವ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದ. ಅವಳು ಯಾವುದನ್ನು ಎತ್ತಿ ನೋಡಿ ಮತ್ತೆ ಕೆಳಗಿಡುತ್ತಾಳೆ ಎಂದು ಕದ್ದು ನೋಡಿದ. ಚಿಕ್ಕ ಮಗಳನ್ನು ವಿಚಾರಿಸಿದ, ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತ. "ಏನ್ರೀ?" ಎಂದರೆ "ಏನಿಲ್ಲ" ಎಂದ. ಅವಳೂ ಕಡಿಮೆಯವಳಲ್ಲ. ತಮ್ಮನನ್ನು ಕರೆದು, "ಭಾವ ಏನು ತಂದ್ರೋ?" ಎಂದು ಕೇಳುವುದು, ಅವನು ಬಾಯಿ ತೆರೆದರೆ "ಬೇಡ, ಹೇಳಬೇಡ!" ಎಂದು ಕಿವಿ ಮುಚ್ಚಿಕೊಳ್ಳುವುದು.

ರಜೆಯ ದಿನ ಎಲ್ಲರೂ ಬಂದರು. ಹತ್ತು ಪೊಟ್ಟಣಗಳ ಕಾಗದ ಹತ್ತು ನಿಮಿಷದಲ್ಲಿ ಚಿಂದಿಯಾಯಿತು. ಆಮೇಲೆ ಮೊಳೆಮಾವ ಒಳಗೆ ಹೋಗಿ ಹನ್ನೊಂದನೆಯದನ್ನು ತಂದು ಅವಳ ಮಡಿಲಲ್ಲಿಟ್ಟ. ಅದರ ಮೂಲೆಗಳು ಕುರ್ಚಿಯ ಮೂಲೆಗಳಂತೆ ಬಿಗಿಯಾಗಿ, ನೆರಿಗೆ ನೆರಿಗೆಯಾಗಿ ಮಡಚಿದ್ದವು.

"ಬಿಚ್ಚು ಅಜ್ಜೀ!" ಎಂದು ಚಿಕ್ಕ ಮೊಮ್ಮಗಳು ಕುಣಿದಳು.

"ಇರೇ, ಬಿಚ್ತೀನಿ," ಎಂದಳು. ಬಿಚ್ಚಲಿಲ್ಲ. ತೂಗಿ ನೋಡಿದಳು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಮೂಸಿದಳು. ಮಕ್ಕಳು ಗೋಗರೆದು ಸೋತು ಆಟಕ್ಕೆ ಹೋದವು. ಟೀ ಆಯಿತು, ಊಟದ ಹೊತ್ತೂ ಆಯಿತು. ಕಾದು ಕಾದು ಕಾಲು ನಿಲ್ಲದ ಮೊಳೆಮಾವ ಮೆಲ್ಲಗೆ ಅಡುಗೆಮನೆಗೆ ಇಣುಕಿದ. ಅವಳು ಒಲೆಯ ಮುಂದೆ ನಿಂತು ಒಂದೇ ಕೈಯಲ್ಲಿ ಸೌಟು ತಿರುಗಿಸುತ್ತಿದ್ದಳು. ಬಿಚ್ಚದ ಪೊಟ್ಟಣ ಇನ್ನೊಂದು ಕೈಯ ಕಂಕುಳಲ್ಲಿತ್ತು.